ಕೊಳೆ ಬರುವ ಮೊದಲು



ಕೃತ್ತಿಕೆ ಮಳೆ ಮುಗಿದು ರೋಹಿಣಿ ಹಿಡಿಯುವ ಹೊತ್ತಿಗೆ ಮಲೆನಾಡು, ಕರಾವಳಿಯ ಅಡಿಕೆ ತೋಟದ ಮನೆಗಳಲ್ಲಿ ಮೂರು ಪ್ರಶ್ನೆ ಕೇಳಿಬರುತ್ತವೆ. ಮೈಲುತುತ್ತ ತಂದಾಯಿತಾ? ಒಳ್ಳೆ ಸುಣ್ಣ ಸಿಕ್ಕಿತಾ? ಕೊನೆಗಾರರು ಯಾವತ್ತು ಬರ್ತಾರಂತೆ? ಮೊದಲ ಎರಡಕ್ಕೆ ದುಡ್ಡು ಕೊಟ್ಟರೆ ಉತ್ತರ ಸಿಗುತ್ತದೆ. ಮೂರನೆಯದಕ್ಕೆ ದುಡ್ಡು ಕೊಡುತ್ತೇನೆಂದರೂ ಸಿಗುವುದಿಲ್ಲ.

ಬೆಳೆಗಳಿಗೆ ಬರುವ ರೋಗಗಳನ್ನು ಅರ್ಥ ಮಾಡಿಕೊಳ್ಳುವುದು ಹೇಗೆ, ಹದ್ದುಬಸ್ತಿನಲ್ಲಿ ಇಡುವುದು ಹೇಗೆ ಎಂಬುದು ನನಗೆ ಕೊಟ್ಟ ವಿಷಯ. ಎಲ್ಲ ಬೆಳೆಯ ಎಲ್ಲ ರೋಗವನ್ನೂ ಹೇಳಹೊರಟರೆ ನನಗೆ ಕೊಟ್ಟ ಸಮಯದಲ್ಲಿ ಹೆಸರುಗಳನ್ನು ಓದಿ ಮುಗಿಸಬಹುದು, ಅಷ್ಟೇ. ಹಾಗಾಗಿ ಒಂದೇ ರೋಗ ಹಿಡಿದುಕೊಳ್ಳುತ್ತೇನೆ. ಅಡಿಕೆಯ ಕೊಳೆರೋಗ, ಕರಾವಳಿಯ ಕೆಲವರ ಬಾಯಲ್ಲಿ ಮಹಾಳಿ. ಹಾಸನದ ಕಡೆಯ ಆಲೂಗಡ್ಡೆ ಬೆಳೆಗಾರರು, ಕಾಳುಮೆಣಸು ಬೆಳೆಯುವವರು, ದ್ರಾಕ್ಷಿಯವರು ರೇಡಿಯೊ ಆರಿಸಬೇಡಿ. ನಿಮ್ಮ ತೋಟದ ಶತ್ರುವೂ ಇದೇ ಬಳಗದ್ದು.

ಮೊದಲು ಕಾಯಿ ನೋಡೋಣ. ಮಳೆಗಾಲ ಹಿಡಿದು ಹದಿನೈದು ಇಪ್ಪತ್ತು ದಿನ ಆಗಿರುತ್ತದೆ. ಮರದ ಬುಡದಲ್ಲಿ ಎಳೆಕಾಯಿ ಬಿದ್ದಿದೆ. ಕೈಗೆ ತೆಗೆದುಕೊಂಡು ತೊಟ್ಟಿನ ಕಡೆ ನೋಡಿ. ತೊಟ್ಟಿಗೆ ಅಂಟಿಕೊಂಡಂತೆ ನೀರಲ್ಲಿ ನೆನೆದ ಹಾಗಿರುವ ಕಡುಹಸಿರು ಮಚ್ಚೆ ಇರುತ್ತದೆ. ಕಾಯಿಯ ಸಹಜ ಹೊಳಪು ಹೋಗಿರುತ್ತದೆ. ಅದೇ ಕಾಯಿಯನ್ನು ಮಳೆಯಲ್ಲಿ ಎರಡು ದಿನ ಬಿಟ್ಟರೆ ಮೈಮೇಲೆ ಹತ್ತಿಯಂಥ ಬಿಳಿ ಬೂಸ್ಟು ಹಬ್ಬುತ್ತದೆ. ಇದು ಕೊಳೆ.

ಆದರೆ ಬಿದ್ದ ಕಾಯಿಯೆಲ್ಲ ಕೊಳೆಯ ಕಾಯಿಯಲ್ಲ. ಮಳೆಗೆ ಮೊದಲು, ಏಪ್ರಿಲ್-ಮೇ ತಿಂಗಳಲ್ಲಿ ಉದುರುವ ಮಿಳ್ಳೆಗಳ ಮೇಲೆ ಸೂಜಿ ಚುಚ್ಚಿದಂಥ ಗುರುತು ಕಂಡರೆ ಅದು ರಸ ಹೀರುವ ತಿಗಣೆಯ ಕೆಲಸ. ಬಿಸಿಲಿಗೆ ಉದುರುವುದಿದೆ, ನೀರು ಹೆಚ್ಚುಕಡಿಮೆಯಾಗಿ ಉದುರುವುದಿದೆ. ಮರ ತನಗೆ ಹೊರಲಾರದ ಕಾಯಿಯನ್ನು ತಾನೇ ಬಿಟ್ಟುಬಿಡುವುದೂ ಉಂಟು. ಇವ್ಯಾವುದಕ್ಕೂ ಮೈಲುತುತ್ತ ಮದ್ದಲ್ಲ. ಕಾಯಿ ಉದುರಿತು ಎಂದಕೂಡಲೆ ಪಂಪು ಹೆಗಲಿಗೇರಿಸುವ ಮೊದಲು ಬಗ್ಗಿ ಒಂದು ಹತ್ತು ಕಾಯಿ ಹೆಕ್ಕಿ ತೊಟ್ಟು ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಅದಕ್ಕೆ ಖರ್ಚಿಲ್ಲ.

'ಈ ವರ್ಷ ಮಳೆ ಜಾಸ್ತಿಯಾಯಿತು, ಅಡಿಕೆ ಉದುರಿತು' ಎನ್ನುವುದು ನಮ್ಮಲ್ಲಿ ರೂಢಿಯ ಮಾತು. ಅರ್ಧ ನಿಜ. 1845ರಲ್ಲಿ ಐರ್ಲೆಂಡಿನಲ್ಲೂ ಜನ ಇದನ್ನೇ ಹೇಳಿದ್ದರು. ಅಲ್ಲಿಯ ಬಡವರ ಊಟವೆಂದರೆ ಆಲೂಗಡ್ಡೆ. ಆ ವರ್ಷ ಹಸಿರಾಗಿದ್ದ ಹೊಲಗಳು ನೋಡನೋಡುತ್ತಿದ್ದಂತೆ ಕಪ್ಪಾಗಿ ಕೊಳೆತುಹೋದವು. ಮುಂದಿನ ವರ್ಷವೂ ಹಾಗೇ ಆಯಿತು. ಹಸಿವಿನಿಂದ, ಹಸಿವಿನ ಬೆನ್ನಿಗೇ ಬಂದ ಕಾಯಿಲೆಗಳಿಂದ ಸುಮಾರು ಹತ್ತು ಲಕ್ಷ ಜನ ಸತ್ತರು. ಹೆಚ್ಚುಕಡಿಮೆ ಅಷ್ಟೇ ಜನ ಊರು ಬಿಟ್ಟು ಹಡಗು ಹತ್ತಿದರು. ತಣ್ಣನೆಯ ಜಡಿಮಳೆಯಿಂದ ಗಿಡ ನೀರು ಕುಡಿದು ಕೊಳೆಯಿತು, ಕೊಳೆತ ಮೇಲೆ ಬೂಸ್ಟು ಹುಟ್ಟಿತು ಎಂದು ದೊಡ್ಡ ದೊಡ್ಡ ಪಂಡಿತರೇ ವಾದ ಮಾಡಿದರು. ಇಂಗ್ಲೆಂಡಿನಲ್ಲಿ ಮೈಲ್ಸ್ ಜೋಸೆಫ್ ಬರ್ಕ್ಲಿ ಎಂಬ ಪಾದ್ರಿ ಇದ್ದರು. ಚರ್ಚಿನ ಕೆಲಸದ ನಡುವೆ ಅಣಬೆ, ಬೂಸ್ಟುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು ಅವರ ಹವ್ಯಾಸ. 1846ರಲ್ಲಿ ಅವರು ಅದನ್ನು ತಿರುಗಿಸಿ ಹೇಳಿದರು: ಕೊಳೆತದ್ದರಿಂದ ಬೂಸ್ಟು ಬಂದದ್ದಲ್ಲ, ಬೂಸ್ಟಿನಿಂದಲೇ ಕೊಳೆತದ್ದು. ಹೆಚ್ಚಿನವರು ಒಪ್ಪಲಿಲ್ಲ. ಜರ್ಮನಿಯ ಆಂಟನ್ ಡಿ ಬಾರಿ ಅದನ್ನು ಪ್ರಯೋಗದಿಂದ ಸಾಬೀತು ಮಾಡಲು ಇನ್ನೂ ಹದಿನೈದು ವರ್ಷ ಬೇಕಾಯಿತು. ಆ ಜೀವಿಯ ಕುಲಕ್ಕೆ 1876ರಲ್ಲಿ ಫೈಟಾಫ್ತೊರಾ ಎಂದು ಹೆಸರಿಟ್ಟವರೂ ಅವರೇ.

ನಮ್ಮ ಅಡಿಕೆಯ ಕೊಳೆಯೂ ಫೈಟಾಫ್ತೊರಾ. ಕಾಳುಮೆಣಸಿನ ಬಳ್ಳಿ ಮಳೆಗಾಲದಲ್ಲಿ ಹಠಾತ್ತನೆ ಎಲೆ ಉದುರಿಸಿ ಸಾಯುತ್ತದಲ್ಲ, ಆ ಶೀಘ್ರ ಸೊರಗು ರೋಗವೂ ಫೈಟಾಫ್ತೊರಾ. ಒಂದೇ ತೋಟದಲ್ಲಿ ಮರದ ತುದಿಯಲ್ಲೊಂದು, ಅದೇ ಮರಕ್ಕೆ ಹಬ್ಬಿದ ಬಳ್ಳಿಯ ಬುಡದಲ್ಲೊಂದು, ಇಬ್ಬರೂ ದಾಯಾದಿಗಳು.

ಈ ಜೀವಿಯ ಜಾಯಮಾನ ತಿಳಿದುಕೊಳ್ಳುವುದು ಮುಖ್ಯ. ಯಾಕೆಂದರೆ ನಾವು ಮಾಡುವ ಒಂದೊಂದು ಕೆಲಸಕ್ಕೂ ಕಾರಣ ಅಲ್ಲೇ ಇದೆ. ಇದನ್ನು ನಾವು ಶಿಲೀಂಧ್ರ ಎಂದು ಕರೆಯುತ್ತ ಬಂದಿದ್ದೇವೆ. ನೋಡಲು ಹಾಗೇ ಇದೆ, ಬಿಳಿ ನೂಲು ನೂಲಾಗಿ. ಆದರೆ ಸಂಬಂಧದಲ್ಲಿ ಅಣಬೆಗಿಂತ ನೀರಿನ ಪಾಚಿಗೆ ಹತ್ತಿರ. ನೀರಿಲ್ಲದೆ ಇದರ ಸಂಸಾರ ನಡೆಯುವುದಿಲ್ಲ. ರೋಗ ಹತ್ತಿದ ಕಾಯಿಯ ಮೇಲೆ ನಿಂಬೆಹಣ್ಣಿನ ಆಕಾರದ, ಕಣ್ಣಿಗೆ ಕಾಣದಷ್ಟು ಸಣ್ಣ ಚೀಲಗಳು ಹುಟ್ಟುತ್ತವೆ. ತಣ್ಣನೆಯ ನೀರು ತಾಗಿದರೆ ಚೀಲ ಒಡೆದು ಒಳಗಿಂದ ಬಾಲವಿರುವ ಬೀಜಕಣಗಳು ಹೊರಬರುತ್ತವೆ. ಅವು ಈಜುತ್ತವೆ! ಕಾಯಿಯ ಮೇಲಿನ ತೆಳ್ಳನೆಯ ನೀರಿನ ಪೊರೆಯಲ್ಲಿ ಈಜಿಕೊಂಡು ಹೋಗಿ, ಜಾಗ ಸಿಕ್ಕಿದಲ್ಲಿ ಬಾಲ ಕಳಚಿ, ಮೊಳೆತು, ಸಿಪ್ಪೆಯೊಳಗೆ ನುಗ್ಗುತ್ತವೆ. ಇಷ್ಟಕ್ಕೆ ದಿನಗಟ್ಟಲೆ ಬೇಡ, ಕೆಲವು ಗಂಟೆ ಸಾಕು. ಮಳೆಹನಿಯ ಸಿಡಿತ, ಗಾಳಿಯ ಎರಚಲು ಇವನ್ನು ಒಂದು ಕೊನೆಯಿಂದ ಇನ್ನೊಂದಕ್ಕೆ, ಒಂದು ತೋಟದಿಂದ ಪಕ್ಕದ ತೋಟಕ್ಕೆ ಸಾಗಿಸುತ್ತದೆ.

ಹಾಗಾದರೆ ಮಳೆಯ ಪಾತ್ರವೇನು? ಹಗಲಿರುಳು ಬಿಡದ ಜಡಿಮಳೆ, ನಡುವೆ ಆಗಾಗ ಇಣುಕುವ ಬಿಸಿಲು, ಇಪ್ಪತ್ತು ಇಪ್ಪತ್ತಮೂರು ಡಿಗ್ರಿಯ ತಂಪು, ತೊಂಬತ್ತಕ್ಕೂ ಮೇಲ್ಪಟ್ಟ ಆರ್ದ್ರತೆ. ಇಷ್ಟು ಕೂಡಿದರೆ ಕೊಳೆಗೆ ಹಬ್ಬ. ರೋಗಾಣು ಇರಬೇಕು, ಅದಕ್ಕೆ ಬಲಿಯಾಗುವ ಎಳೆಕಾಯಿ ಇರಬೇಕು, ಒದಗಿಬರುವ ಹವೆ ಇರಬೇಕು. ಮೂರರಲ್ಲಿ ಒಂದು ತಪ್ಪಿದರೂ ರೋಗವಿಲ್ಲ. ಹವೆ ನಮ್ಮ ಕೈಯಲ್ಲಿಲ್ಲ. ಎಳೆಕಾಯಿ ಮಳೆಗಾಲದಲ್ಲಿ ಇದ್ದೇ ಇರುತ್ತದೆ. ಉಳಿದದ್ದು ರೋಗಾಣು ಮತ್ತು ಕಾಯಿಯ ನಡುವಿನ ಆ ನೀರಿನ ಪೊರೆ. ನಾವು ಮಾಡುವುದೆಲ್ಲ ಅಲ್ಲಿಯೇ ಆಗಬೇಕು.

ನಮ್ಮ ಹಿರಿಯರಿಗೆ ಈಜುವ ಬೀಜಕಣ ಗೊತ್ತಿರಲಿಲ್ಲ. ಆದರೂ ಅವರು ಮಾಡಿದ ಉಪಾಯ ನೋಡಿ: ಕೊಟ್ಟೆ ಕಟ್ಟುವುದು. ಕರಡದ ಹುಲ್ಲು ಹೆಣೆದೋ, ಅಡಿಕೆಯ ಹಾಳೆಯಿಂದಲೋ ಮಾಡಿದ ಕೊಟ್ಟೆಯನ್ನು ಮಳೆಗೆ ಮೊದಲು ಒಂದೊಂದು ಕೊನೆಗೂ ಮುಚ್ಚಿ ಕಟ್ಟುತ್ತಿದ್ದರು. ಕಾಯಿಗೆ ನೀರು ತಾಗದಿದ್ದರೆ ಕೊಳೆಯಿಲ್ಲ. ಲೆಕ್ಕ ಸರಿಯಾಗಿಯೇ ಇತ್ತು. ಬೇಸಿಗೆಯಿಡೀ ಕೊಟ್ಟೆ ಹೆಣೆಯುವುದಕ್ಕೆ, ಮರ ಹತ್ತಿ ಕಟ್ಟುವುದಕ್ಕೆ ಬೇಕಾದ ಆಳುಗಳ ಲೆಕ್ಕ ಮಾತ್ರ ಇವತ್ತಿಗೆ ಹೊಂದುವುದಿಲ್ಲ. ಆಮೇಲೆ ಪ್ಲಾಸ್ಟಿಕ್ ಕೊಟ್ಟೆಯೂ ಬಂತು. ಈಗಲೂ ಅಲ್ಲಲ್ಲಿ ಕಟ್ಟುವವರಿದ್ದಾರೆ. ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಹೊಡೆಯಲು ಮನಸ್ಸಿಲ್ಲದ ಸಾವಯವ ತೋಟದವರಿಗೆ ಅದೊಂದು ದಾರಿಯೇ.

1908ರಲ್ಲಿ ಕೆನಡಾದ ಲೆಸ್ಲಿ ಕೋಲ್‌ಮನ್ ಎಂಬ ತರುಣ ವಿಜ್ಞಾನಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದರು. ಶಿಲೀಂಧ್ರ, ಕೀಟ ಎರಡರ ಹೊಣೆಯೂ ಅವರದೇ. ಮುಂದೆ ಕೃಷಿ ಇಲಾಖೆಯ ನಿರ್ದೇಶಕರಾಗಿ, ಬಾಳೆಹೊನ್ನೂರಿನ ಕಾಫಿ ಸಂಶೋಧನೆಗೆ ತಳಹದಿ ಹಾಕಿ, ಇನ್ನೂ ಏನೇನೋ ಮಾಡಿ ಹೆಸರಾದವರು. ಆದರೆ ಅವರು ಬಂದು ಕೈಹಾಕಿದ ಮೊದಮೊದಲ ಕೆಲಸಗಳಲ್ಲಿ ಒಂದು ಮಲೆನಾಡಿನ ಈ ಕೊಳೆರೋಗ. ರೋಗಾಣು ಯಾವುದು, ಬೇಸಿಗೆಯಲ್ಲಿ ಎಲ್ಲಿ ಅಡಗಿರುತ್ತದೆ, ಹೇಗೆ ಹರಡುತ್ತದೆ ಎಂಬುದನ್ನು ಹುಡುಕಿ ಬರೆದ ಅವರ ವರದಿಯನ್ನು ಇಲಾಖೆ 1910ರಲ್ಲಿ ಅಚ್ಚು ಹಾಕಿಸಿತು. ಪರಿಹಾರವಾಗಿ ಅವರು ತೋರಿಸಿದ್ದು ಬೋರ್ಡೋ ದ್ರಾವಣ. ನೂರು ವರ್ಷ ದಾಟಿದರೂ ನಾವು ಮುಖ್ಯವಾಗಿ ಅದನ್ನೇ ಹೊಡೆಯುತ್ತಿದ್ದೇವೆ. ಕೃಷಿಯಲ್ಲಿ ಇಷ್ಟು ಕಾಲ ಬಾಳಿದ ಔಷಧಗಳು ಕಡಿಮೆಯೇ.

ಈ ದ್ರಾವಣ ಹುಟ್ಟಿದ ಕತೆ ಸ್ವಾರಸ್ಯವಾಗಿದೆ. ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ಬೆಳೆಗಾರರಿಗೆ ದಾರಿಹೋಕರ ಕಾಟ. ರಸ್ತೆ ಬದಿಯ ಸಾಲುಗಳಿಂದ ಹಣ್ಣು ಕಿತ್ತು ತಿನ್ನುತ್ತಿದ್ದರು. ನೋಡಿದರೆ ವಿಷವೆಂದು ಹೆದರಲಿ ಎಂದು ಬೆಳೆಗಾರರು ಆ ಸಾಲುಗಳಿಗೆ ಮೈಲುತುತ್ತ, ಸುಣ್ಣ ಕಲಸಿ ಎರಚುತ್ತಿದ್ದರು. ಅಮೆರಿಕದಿಂದ ಬಂದ ಬೂಜುರೋಗ ತೋಟಗಳನ್ನೆಲ್ಲ ಒಣಗಿಸುತ್ತಿದ್ದ ಕಾಲ ಅದು. 1882ರಲ್ಲಿ ಸಸ್ಯವಿಜ್ಞಾನಿ ಮಿಲಾರ್ಡೆ ಅಲ್ಲಿ ನಡೆದುಹೋಗುವಾಗ, ರಸ್ತೆ ಬದಿಯ ನೀಲಿ ಬಳಿದ ಸಾಲಿನಲ್ಲಿ ಮಾತ್ರ ಎಲೆ ಉಳಿದಿರುವುದನ್ನು ಕಂಡರು. ಮೂರು ವರ್ಷ ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದರು. ಕಳ್ಳರಿಗೆಂದು ಬಳಿದದ್ದು ರೋಗಕ್ಕೆ ಆಯಿತು. ನಮ್ಮ ದೃಷ್ಟಿಯಿಂದ ಇನ್ನೊಂದು ವಿಶೇಷ: ದ್ರಾಕ್ಷಿಯ ಆ ಬೂಜುರೋಗದ ಜೀವಿಯೂ ನಮ್ಮ ಕೊಳೆಯ ಹಾಗೆ ನೀರಿನಲ್ಲಿ ಈಜುವ ಜಾತಿಯದೇ. ಅಲ್ಲಿ ಹಿಡಿದ ಮದ್ದು ಇಲ್ಲಿ ಹಿಡಿದದ್ದು ಕಾಕತಾಳೀಯವಲ್ಲ.

ಈಗ ತಯಾರಿಕೆ. ಎಷ್ಟೋ ವರ್ಷದಿಂದ ಮಾಡುತ್ತಿದ್ದೇವೆ, ಇದರಲ್ಲಿ ಹೇಳುವುದೇನಿದೆ ಎನ್ನಬಹುದು. ಬೋರ್ಡೋ ಹೊಡೆದರೂ ಕೊಳೆ ಬಂತು ಎನ್ನುವ ತೋಟಗಳಲ್ಲಿ ವಿಚಾರಿಸಿದರೆ ತಪ್ಪಿರುವುದು ಹೆಚ್ಚಾಗಿ ಪಾತ್ರೆಯಲ್ಲೋ, ಸುಣ್ಣದಲ್ಲೋ, ದಿನದಲ್ಲೋ ಇರುತ್ತದೆ.

ಶೇಕಡಾ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಟ್ಟ ಸುಣ್ಣ, 100 ಲೀಟರ್ ನೀರು. ಮೈಲುತುತ್ತವನ್ನು ಪುಡಿ ಮಾಡಿ 50 ಲೀಟರ್ ನೀರಿನಲ್ಲಿ ಕರಗಿಸಿ. ಗೋಣಿತಟ್ಟಿನ ಗಂಟಿನಲ್ಲಿ ಕಟ್ಟಿ ರಾತ್ರಿಯೇ ನೀರಿಗೆ ಇಳಿಬಿಟ್ಟರೆ ಬೆಳಿಗ್ಗೆಗೆ ತಾನಾಗಿ ಕರಗಿರುತ್ತದೆ. ಸುಣ್ಣವನ್ನು ಸ್ವಲ್ಪಸ್ವಲ್ಪವೇ ನೀರು ಹಾಕಿ ಅರಳಿಸಿ, ಆಮೇಲೆ ಇನ್ನೊಂದು 50 ಲೀಟರಿಗೆ ಕಲಸಿ, ಸೋಸಿಕೊಳ್ಳಿ. ಪಾತ್ರೆ ಪ್ಲಾಸ್ಟಿಕ್ಕಿನದೋ ಮರದ್ದೋ ಸಿಮೆಂಟಿನದೋ ಇರಲಿ. ಕಬ್ಬಿಣದ ಡ್ರಮ್ಮು ಬೇಡವೇ ಬೇಡ. ಮೈಲುತುತ್ತದ ತಾಮ್ರ ಕಬ್ಬಿಣಕ್ಕೆ ಅಂಟಿಕೊಂಡು ಅಲ್ಲೇ ಉಳಿದುಬಿಡುತ್ತದೆ. ಬೆರೆಸುವಾಗ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತ, ಕೋಲಿನಿಂದ ತಿರುವುತ್ತ ಇರಬೇಕು. ಇಬ್ಬರಿದ್ದರೆ ಎರಡನ್ನೂ ಒಟ್ಟಿಗೆ ಮೂರನೆಯ ಪಾತ್ರೆಗೆ ಸುರಿಯಬಹುದು. ಸುಣ್ಣವನ್ನು ಮೈಲುತುತ್ತಕ್ಕೆ ಸುರಿದರೆ ಹಿಟ್ಟು ದಪ್ಪವಾಗಿ ಬೇಗ ತಳಕ್ಕಿಳಿಯುತ್ತದೆ, ಕಾಯಿಗೆ ಸರಿಯಾಗಿ ಹಿಡಿಯುವುದಿಲ್ಲ. ಸರಿಯಾಗಿ ಆದ ದ್ರಾವಣ ಆಕಾಶದ ನೀಲಿ, ನಯ.

ಸುಣ್ಣದ ವಿಷಯದಲ್ಲಿ ತೂಕ ಮಾತ್ರ ನಂಬಬೇಡಿ. ಗಾಳಿಗೆ ಬಿಟ್ಟ ಹಳೆ ಸುಣ್ಣ ತೂಕಕ್ಕೆ ಕಿಲೋ ಬಂದರೂ ಸತ್ವದಲ್ಲಿ ಅರ್ಧವೂ ಇರುವುದಿಲ್ಲ. ಆಗ ಬಿಡುತಾಮ್ರ ಉಳಿದು ಹಿಂಗಾರ, ಎಳೆಕಾಯಿ ಸುಡುತ್ತದೆ. ಅದಕ್ಕೇ ಕತ್ತಿಯ ಪರೀಕ್ಷೆ ಇರುವುದು. ಚೆನ್ನಾಗಿ ಉಜ್ಜಿದ ಕತ್ತಿಯನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿಡಿ. ಅಲಗಿನ ಮೇಲೆ ಕೆಂಪಗೆ ತಾಮ್ರದ ಬಣ್ಣ ಕೂತರೆ ಸುಣ್ಣ ಸಾಲದು. ಇನ್ನಷ್ಟು ಸುಣ್ಣದ ತಿಳಿ ಸೇರಿಸಿ ಮತ್ತೆ ನೋಡಿ. ಬಣ್ಣ ಕೂರದಿದ್ದರೆ ಹೊಡೆಯಲು ಸಿದ್ಧ. ಮಾಡಿದ ದಿನವೇ ಮುಗಿಸಬೇಕು, ನಾಳೆಗೆ ಇಡುವ ಹಾಗಿಲ್ಲ. ಹಿಂದೆ ರಾಳ ಮತ್ತು ಸೋಡ ಕುದಿಸಿ ಅಂಟು ಮಾಡಿ ಬೆರೆಸುತ್ತಿದ್ದರು, ಈಗ ಅಂಗಡಿಯ ಅಂಟು ಸಿಗುತ್ತದೆ. ಯಾವುದಾದರೂ ಸರಿ, ಒಂದು ಇರಲಿ. 'ಹೇಗೂ ಮರ ಹತ್ತಿಸುತ್ತೇವೆ' ಎಂದು ಅದೇ ಡ್ರಮ್ಮಿಗೆ ಕೀಟನಾಶಕವನ್ನೋ ಇನ್ನೊಂದು ಪುಡಿಯನ್ನೋ ಬೆರೆಸುವವರಿದ್ದಾರೆ. ಸುಣ್ಣದ ಕ್ಷಾರದಲ್ಲಿ ಬಹಳಷ್ಟು ಕೀಟನಾಶಕಗಳು ಕೆಟ್ಟುಹೋಗುತ್ತವೆ. ದುಡ್ಡು ಕೊಟ್ಟು ತಂದದ್ದನ್ನು ಮರಕ್ಕೆ ಮುಟ್ಟುವ ಮೊದಲೇ ಕೊಂದ ಹಾಗೆ.

ಯಾವತ್ತು ಹೊಡೆಯಬೇಕು? ಇಡೀ ಮಾತಿನಲ್ಲಿ ನಾನು ಒತ್ತಿ ಹೇಳಬೇಕೆಂದು ಬಂದದ್ದು ಇದೊಂದನ್ನೇ. ಬೋರ್ಡೋ ರೋಗ ವಾಸಿ ಮಾಡುವ ಮದ್ದಲ್ಲ. ಅದು ಮಳೆಗೆ ಹೊರಡುವಾಗ ಹೊದೆಯುವ ಕಂಬಳಿಕೊಪ್ಪೆ. ನೆನೆದು ಚಳಿ ಹಿಡಿದ ಮೇಲೆ ಹೊದ್ದರೆ ಆಗುವ ಪ್ರಯೋಜನ ಅಷ್ಟಕ್ಕಷ್ಟೇ. ಕಾಯಿಯ ಮೇಲೆ ಒಣಗಿ ಕೂತ ನೀಲಿ ಪೊರೆಯಿಂದ ಮಳೆನೀರಿಗೆ ತಾಮ್ರ ಚೂರುಚೂರೇ ಬಿಡುತ್ತಿರುತ್ತದೆ. ಈಜಿಕೊಂಡು ಬಂದ ಬೀಜಕಣ ಆ ನೀರಿನಲ್ಲೇ ಸಾಯುತ್ತದೆ. ಸಿಪ್ಪೆಯೊಳಗೆ ನುಗ್ಗಿ ಕೂತದ್ದನ್ನು ತಾಮ್ರ ಮುಟ್ಟುವುದಿಲ್ಲ. ಹಾಗಾಗಿ ಮೊದಲ ಕಾಯಿ ಬಿದ್ದ ದಿನ ಎಚ್ಚರಾಗುವವನಿಗೆ ಆಗಲೇ ಎರಡು ಮೂರು ವಾರ ತಡವಾಗಿರುತ್ತದೆ.

ಮೊದಲನೆಯದು ಮುಂಗಾರು ಹಿಡಿಯುವ ಮುಂಚೆ, ಅಂದರೆ ಮೇ ಕೊನೆಯಿಂದ ಜೂನ್ ಮೊದಲ ವಾರದೊಳಗೆ. ರೋಹಿಣಿಯಲ್ಲಿ ಮುಗಿಸಿ, ಮೃಗಶಿರೆಗೆ ದಾಟಿಸಬೇಡಿ. ಎರಡನೆಯದು ಅಲ್ಲಿಂದ 40-45 ದಿನಕ್ಕೆ, ಪುನರ್ವಸುವಿನ ನಡುವೆ ಸಿಗುವ ಹೊಳವಿನಲ್ಲಿ. ಈ ಎರಡನೆಯದನ್ನು ಬಿಡುವವರೇ ಜಾಸ್ತಿ. ಮೊದಲು ಹೊಡೆದ ಮದ್ದು ಚೆನ್ನಾಗಿ ಹಿಡಿದಿದೆಯಲ್ಲ ಎನ್ನುತ್ತಾರೆ. ಹಿಡಿದಿರಬಹುದು, ಆದರೆ ಕಾಯಿ ಆ ಗಾತ್ರದಲ್ಲೇ ನಿಂತಿದೆಯೇ? ಒಂದೂವರೆ ತಿಂಗಳಲ್ಲಿ ಕಾಯಿ ಉಬ್ಬುತ್ತದೆ. ಬೆಳೆದಷ್ಟು ಸಿಪ್ಪೆಯ ಮೇಲೆ ಮದ್ದೇ ಇರುವುದಿಲ್ಲ. ಇರುವ ಕಡೆ ಮಳೆ ತೊಳೆದಿರುತ್ತದೆ. ಬಿಡದೆ ಸುರಿದ 2018ರಂಥ ಮಳೆಗಾಲವಾದರೆ ಮೂರನೆಯದಕ್ಕೂ ತಯಾರಿರಬೇಕು. ಹೊಡೆಯುವಾಗ ಕೊನೆಯ ಎದುರುಮೈ ಮಾತ್ರ ನೀಲಿಯಾದರೆ ಸಾಲದು. ಕಾಯಿಗಳ ಸಂದಿಗೆ, ತೊಟ್ಟಿಗೆ, ಹಿಂಬದಿಗೆ ಹೋಗಬೇಕು. ರೋಗ ಶುರುವಾಗುವುದು ತೊಟ್ಟಿನಿಂದಲೇ ಎಂದೆನಲ್ಲ. ಹೊಡೆದ ಮೇಲೆ ಒಣಗಲು ಕೆಲವು ಗಂಟೆಯಾದರೂ ಹೊಳವು ಬೇಕು.

ಇಷ್ಟೆಲ್ಲ ಆಗಿಯೂ ಆಗಲೇ ಕೊಳೆ ಬಂದಿದ್ದರೆ? ಹೊಳವು ನೋಡಿ ಹೊಡೆಯಲೇಬೇಕು, ಇನ್ನೂ ಗಟ್ಟಿಯಿರುವ ಕಾಯಿಗಾಗಿ. ಸೋಂಕು ತಗಲಿದ ಕಾಯಿ ಹೊಡೆದ ಮೇಲೂ ಕೆಲವು ದಿನ ಉದುರುತ್ತಲೇ ಇರುತ್ತದೆ. ಅದನ್ನು ನೋಡಿ ಮದ್ದು ಹಿಡಿಯಲಿಲ್ಲವೆಂದು ನಾಲ್ಕನೆಯ ದಿನವೇ ಇನ್ನೊಂದು ಡಬ್ಬಿ ತರಲು ಓಡಬೇಡಿ. ಬಿದ್ದ ಕಾಯಿಯನ್ನು ಹೆಕ್ಕಿ ತೋಟದಿಂದ ಆಚೆ ಸಾಗಿಸಿ. ಬುಡದಲ್ಲಿ ಬಿದ್ದ ಒಂದೊಂದು ಬೂಸ್ಟುಕಾಯಿಯೂ ಹೊಸ ಬೀಜಕಣಗಳ ಗೂಡು. ಮಳೆಗಾಲದ ಕೊನೆಯಲ್ಲಿ ರೋಗ ಹತ್ತಿದ ಕೊನೆಗಳು ಉದುರದೆ ಮರದಲ್ಲೇ ಒಣಗಿ ನೇತಾಡುತ್ತವೆ. ಕೊಯ್ಲಿನ ಹೊತ್ತಿಗೆ ಅದರಲ್ಲಿ ಅಡಿಕೆ ಇಲ್ಲವೆಂದು ಕೊನೆಗಾರರು ಹಾಗೇ ಬಿಟ್ಟು ಇಳಿಯುತ್ತಾರೆ. ಮುಂದಿನ ವರ್ಷದ ಕೊಳೆಯ ಬೀಜ ಬಹುಪಾಲು ಅಲ್ಲಿಯೇ ಉಳಿಯುತ್ತದೆ. ಅವನ್ನೂ, ಸುಳಿ ಕೊಳೆತು ಸತ್ತ ಮರದ ತಲೆಯನ್ನೂ ಕಡಿದು ಸುಡಿಸಿ. ಕೊನೆಗಾರರ ಜೊತೆ ಕೂಲಿ ಮಾತಾಡುವಾಗಲೇ ಇದನ್ನೂ ಸೇರಿಸಿಕೊಳ್ಳುವುದು ಒಳ್ಳೆಯದು. ಆಮೇಲೆ ಹೇಳಿದರೆ ನಡೆಯುವುದಿಲ್ಲ.

ಕೊನೆಗಾರರ ವಿಷಯ ಬಂತು. ಹೆಜ್ಜೆ ಜಾರುವ ಮಳೆಗಾಲದ ಮರ, ಸೊಂಟದಲ್ಲಿ ಪೈಪು, ಒಂದು ಮರದ ತುದಿಯಿಂದ ಇನ್ನೊಂದಕ್ಕೆ ದಾಟುವುದು. ಮಗನಿಗೆ ಈ ಕೆಲಸ ಬೇಡ ಎಂದು ಅವರು ಹೇಳಿದರೆ ತಪ್ಪೆನ್ನಲು ನಮಗೆ ಬಾಯಿಲ್ಲ. ಎಕರೆಗೆ ಐನೂರಕ್ಕೂ ಮಿಕ್ಕಿ ಮರ, ಊರಿಡೀ ಒಂದೇ ವಾರದಲ್ಲಿ ಮದ್ದು ಹೊಡೆಯಬೇಕು, ಹತ್ತುವವರು ನಾಲ್ಕೇ ಜನ. ಹಾಗಾಗಿ ದಿನ ತಪ್ಪುವುದು ರೈತನ ಉದಾಸೀನದಿಂದಲೇ ಎಂದು ನಾನು ಹೇಳಲಾರೆ. ಈಚಿನ ವರ್ಷಗಳಲ್ಲಿ ಬಂದ ಫೈಬರ್ ದೋಟಿ ಇದನ್ನು ಸ್ವಲ್ಪ ಸಡಿಲಿಸಿದೆ. ನೆಲದಲ್ಲಿ ನಿಂತೇ ಅರವತ್ತು ಎಪ್ಪತ್ತು ಅಡಿ ಎತ್ತರದ ಕೊನೆಗೆ ಮದ್ದು ಹೊಡೆಯಬಹುದು. ಬೆಲೆ ಮಾತ್ರ ಒಬ್ಬರ ಕೈಗೆಟಕುವುದು ಕಷ್ಟ. ಸೊಸೈಟಿಯಲ್ಲೋ ಸಂಘದಲ್ಲೋ ನಾಲ್ಕು ಇದ್ದರೆ ಊರಿಗಾಗುತ್ತದೆ. ಡ್ರೋನಿನ ಪ್ರಯೋಗಗಳೂ ನಡೆದಿವೆ. ಮೇಲಿಂದ ಬಿದ್ದ ಮದ್ದು ಸೋಗೆಯಡಿಯ ಕೊನೆಯ ತೊಟ್ಟನ್ನು ಮುಟ್ಟುತ್ತದೆಯೇ ಎಂದು ನೋಡಿಕೊಂಡು ಮುಂದುವರಿಯಿರಿ ಎಂದಷ್ಟೇ ನನ್ನ ಮಾತು.

ಇನ್ನು ಅಂಗಡಿಯ ಮದ್ದು. ಕೌಂಟರಿನ ಮುಂದೆ ನಿಂತು 'ಅಡಿಕೆ ರೋಗಕ್ಕೆ ಏನಾದ್ರೂ ಒಳ್ಳೇದು ಕೊಡಿ' ಎನ್ನುತ್ತೇವೆ. ಯಾವ ರೋಗ ಎಂದು ಅವರೂ ಕೇಳುವುದಿಲ್ಲ, ನಾವೂ ಹೇಳುವುದಿಲ್ಲ. ಕೊಳೆಯ ಜೀವಿ ನಿಜವಾದ ಶಿಲೀಂಧ್ರವಲ್ಲ ಎಂದು ಆಗಲೇ ಹೇಳಿದ್ದು ಪಾಂಡಿತ್ಯಕ್ಕಲ್ಲ. ಕಾರ್ಬೆಂಡಾಜಿಮ್ ಎಂಬ ಹೆಸರಾಂತ ಶಿಲೀಂಧ್ರನಾಶಕ ಇದೆಯಲ್ಲ, ಕೊಳೆಯ ಮೇಲೆ ಅದು ನಡೆಯುವುದಿಲ್ಲ. ಪ್ರೊಪಿಕೊನಜೋಲ್, ಹೆಕ್ಸಕೊನಜೋಲ್ ಗುಂಪಿನವೂ ನಡೆಯುವುದಿಲ್ಲ. ಅವು ತಡೆಯುವ ಕ್ರಿಯೆ ಈ ಜೀವಿಯ ಮೈಯಲ್ಲಿ ಇಲ್ಲವೇ ಇಲ್ಲ. ಕೊಳೆಗೆ ಒಗ್ಗುವ ಒಳಸೇರುವ ಮದ್ದುಗಳು ಬೇರೆ: ಮೆಟಲಾಕ್ಸಿಲ್, ಮ್ಯಾಂಡಿಪ್ರೊಪಮಿಡ್ ಇತ್ಯಾದಿ. ಮೆಟಲಾಕ್ಸಿಲ್ ಬಂದ ಹೊಸದರಲ್ಲಿ ಯುರೋಪಿನ ಆಲೂಗಡ್ಡೆ ಬೆಳೆಗಾರರು ಅದೊಂದನ್ನೇ ನೆಚ್ಚಿಕೊಂಡರು. 1980ರ ಹೊತ್ತಿಗೆ ಐರ್ಲೆಂಡ್, ಹಾಲೆಂಡ್‌ಗಳಲ್ಲಿ ರೋಗಾಣು ಅದಕ್ಕೆ ಬಗ್ಗದಂತಾಗಿ, ಹೊಡೆದ ಹೊಲದಲ್ಲೇ ರೋಗ ಎದ್ದಿತು. ಈಗ ಅದನ್ನು ಮ್ಯಾಂಕೊಜೆಬ್ ಜೊತೆ ಸೇರಿಸಿಯೇ ಮಾರುವುದಕ್ಕೆ ಅದೂ ಒಂದು ಕಾರಣ. ತಾಮ್ರಕ್ಕೆ ಹಾಗೆ ಸುಲಭವಾಗಿ ಒಗ್ಗಿಕೊಳ್ಳಲು ರೋಗಾಣುವಿಗೆ ಆಗಿಲ್ಲ, ಒಂದೇ ಕಡೆ ಅಲ್ಲ, ಹಲವು ಕಡೆ ಪೆಟ್ಟು ಕೊಡುತ್ತದೆ ಅದು.

ಈಗ ಮಲೆನಾಡಿನಲ್ಲಿ ಕೊಳೆಗಿಂತ ಹೆಚ್ಚು ನಿದ್ದೆಗೆಡಿಸಿರುವುದು ಎಲೆಚುಕ್ಕಿ. ಇದು ನಿಜವಾದ ಶಿಲೀಂಧ್ರಗಳ ಕೆಲಸ. ಸೋಗೆಯ ಮೇಲೆ ಹಳದಿ ಅಂಚಿನ ಕಂದು ಚುಕ್ಕಿಗಳು, ಅವು ಕೂಡಿಕೊಂಡು ಎಲೆಯೇ ಸುಟ್ಟಂತೆ ಒಣಗುತ್ತದೆ. ಕೊಳೆಗೆ ಕೆಲಸ ಮಾಡದ ಪ್ರೊಪಿಕೊನಜೋಲ್ ಇಲ್ಲಿ ಕೆಲಸ ಮಾಡುತ್ತದೆ, ಲೀಟರಿಗೆ 1 ಮಿಲಿ. ಕೊಳೆಗೆ ಕೆಲಸ ಮಾಡುವ ಮೆಟಲಾಕ್ಸಿಲ್ ಇಲ್ಲಿ ನೀರು. ತೀರಾ ಕೆಟ್ಟ ಕೆಳಗಿನ ಸೋಗೆಗಳನ್ನು ಕಡಿದು ಸುಡಬೇಕು, ಸೋಗೆಗಳಿಗೇ ಹೊಡೆಯಬೇಕು, ಕೊನೆಗೆ ಹೊಡೆದರೆ ಆಗದು. ಬೀಜಕಣ ಗಾಳಿಯಲ್ಲಿ ಬರುವುದರಿಂದ ಕಣಿವೆಯ ಒಂದು ತೋಟದವರು ಹೊಡೆದು ಉಳಿದವರು ಸುಮ್ಮನಿದ್ದರೆ ಹೊಡೆದವರಿಗೂ ಸಿಗುವ ಫಲ ಅರ್ಧವೇ.

ಅಡಿಕೆಯ ಇನ್ನೊಂದು ಕಾಟವಾದ ಹಳದಿ ಎಲೆ ರೋಗಕ್ಕೆ ಈ ಯಾವ ಮದ್ದೂ ನಡೆಯುವುದಿಲ್ಲ. ಶೃಂಗೇರಿ, ಕೊಪ್ಪ, ಸುಳ್ಯದ ಕಡೆಯವರಿಗೆ ನಾನು ಹೇಳಿ ತಿಳಿಯಬೇಕಾದ್ದಿಲ್ಲ. ಕೇರಳದಲ್ಲಿ 1914ರಲ್ಲೇ ಗುರುತಿಸಿದ ರೋಗ ಅದು. ಅದಕ್ಕೆ ಕಾರಣ ಮರದ ಒಳನಾಳದಲ್ಲಿ, ಆಹಾರ ಸಾಗುವ ದಾರಿಯಲ್ಲಿ ಬದುಕುವ ಫೈಟೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ. ಜಿಗಿಹುಳ ಅದನ್ನು ಮರದಿಂದ ಮರಕ್ಕೆ ದಾಟಿಸುತ್ತದೆ. ಗರಿಗಳ ತುದಿಯಿಂದ ಹಳದಿ ಏರುತ್ತದೆ, ಅಡಿಕೆ ಒಡೆದರೆ ಒಳಗೆ ಕಂದುಗಪ್ಪು. ಹೊರಗಿಂದ ಎಷ್ಟು ಬೋರ್ಡೋ ಹೊಡೆದರೂ ಅದರ ಹತ್ತಿರ ಹೋಗುವುದಿಲ್ಲ. ರೋಗದ ಸೀಮೆಯಲ್ಲೇ ಹಸಿರಾಗಿ ಉಳಿದ ಮರಗಳನ್ನು ಹುಡುಕಿ ತಳಿ ಮಾಡುವ ಕೆಲಸವನ್ನು ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯವರು ಮಾಡುತ್ತಿದ್ದಾರೆ. ಆ ತಳಿ ಕೈಗೆ ಬರುವವರೆಗೆ ಗೊಬ್ಬರ, ಬಸಿಗಾಲುವೆ ಸರಿಯಿಟ್ಟು ಮರದ ತ್ರಾಣ ಉಳಿಸಿಕೊಳ್ಳುವುದು. 'ಇದಕ್ಕೆ ನಮ್ಮಲ್ಲಿ ಖಾತ್ರಿ ಔಷಧ ಇದೆ' ಎಂದು ಬಾಟಲಿ ಹಿಡಿದು ಬರುವವರಿಗೆ ಚಹಾ ಕೊಟ್ಟು ಕಳಿಸಿ. ಹಾಗೆಂದು ಹಳದಿಯಾದ ಮರವೆಲ್ಲ ಈ ರೋಗದ್ದೂ ಅಲ್ಲ. ಬುಡದಲ್ಲಿ ನೀರು ನಿಂತರೂ, ಬೇರುಹುಳ ತಿಂದರೂ, ಪೋಷಕಾಂಶ ಸಾಲದಿದ್ದರೂ ಹಳದಿಯೇ. ಬೇರು ಬಗೆದು ನೋಡದೆ ಹೆಸರಿಡಬಾರದು.

ತಾಮ್ರದ ಬಗ್ಗೆ ಒಂದು ಮಾತು ಬಿಟ್ಟರೆ ಪಕ್ಷಪಾತವಾಗುತ್ತದೆ. ಒಂದು ಕಿಲೋ ಮೈಲುತುತ್ತದಲ್ಲಿ ಕಾಲು ಕಿಲೋ ತಾಮ್ರ ಇರುತ್ತದೆ. ಅದು ಕರಗಿ ಮಾಯವಾಗುವ ವಸ್ತುವಲ್ಲ, ಮರದಿಂದ ತೊಳೆದು ಬಂದು ಮೇಲ್ಮಣ್ಣಿನಲ್ಲಿ ಕೂರುತ್ತದೆ. ಹೆಚ್ಚಾದರೆ ಎರೆಹುಳಕ್ಕೂ ಮಣ್ಣಿನ ಒಳ್ಳೆಯ ಜೀವಿಗಳಿಗೂ ಆಗುವುದಿಲ್ಲ. ಯುರೋಪಿನ ದೇಶಗಳು ಏಳು ವರ್ಷಕ್ಕೆ ಹೆಕ್ಟೇರಿಗೆ ಒಟ್ಟು 28 ಕಿಲೋ ತಾಮ್ರ ಮೀರಬಾರದು ಎಂದು ಕಟ್ಟು ಮಾಡಿವೆ. ನಮ್ಮ ಎರಡು ಹೊಡೆತ ಸರಿಯಾದ ದಿನಕ್ಕೆ ಬಿದ್ದರೆ ಬೇಕಾದ್ದಕ್ಕಿಂತ ಹೆಚ್ಚು ತಾಮ್ರ ಸುರಿಯಬೇಕಾಗುವುದಿಲ್ಲ. ದಿನ ತಪ್ಪಿಸಿಕೊಂಡು ಆಮೇಲೆ ಒಂದು ಕಿಲೋ ಬದಲು ಒಂದೂವರೆ ಕಿಲೋ ಹಾಕಿ ನಾಲ್ಕೈದು ಸಲ ಹೊಡೆಯುವುದಿದೆಯಲ್ಲ, ಕಾಯಿಯೂ ಉಳಿಯುವುದಿಲ್ಲ, ಮಣ್ಣಿಗೂ ಭಾರ. ಕಾಳುಮೆಣಸಿನ ಬುಡಕ್ಕೆ ಟ್ರೈಕೋಡರ್ಮ ಹಾಕುವವರು ತಾಮ್ರದ ಮದ್ದು ಸುರಿದ ಬೆನ್ನಿಗೇ ಹಾಕಬೇಡಿ. ಅದೂ ಶಿಲೀಂಧ್ರವೇ ತಾನೆ, ಸತ್ತುಹೋಗುತ್ತದೆ. ನಡುವೆ ಕೆಲವು ವಾರ ಬಿಡಿ.

ತೋಟದಲ್ಲಿ ಏನೋ ಕಾಣುತ್ತಿದೆ, ಯಾವ ರೋಗವೆಂದು ಗೊತ್ತಾಗುತ್ತಿಲ್ಲ ಎನ್ನುವವರು ಮಾದರಿ ತೆಗೆದುಕೊಂಡು ವಿಟ್ಲದ ಸಂಶೋಧನಾ ಕೇಂದ್ರಕ್ಕೋ, ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರಕ್ಕೋ, ತೋಟಗಾರಿಕೆ ಇಲಾಖೆಗೋ ಹೋಗಿ. ಮಾದರಿ ತರುವುದಕ್ಕೂ ಒಂದು ಕ್ರಮವಿದೆ. ಪೂರಾ ಕೊಳೆತ ಕಾಯಿ ತಂದರೆ ಅದರಲ್ಲಿ ಊರಿನ ಬೂಸ್ಟೆಲ್ಲ ಸೇರಿ, ಮೊದಲು ಬಂದವರು ಯಾರೆಂದು ಹೇಳಲಾಗುವುದಿಲ್ಲ. ಅರ್ಧ ಗಟ್ಟಿ, ಅರ್ಧ ಮಚ್ಚೆ ಇರುವ, ಆಗಷ್ಟೇ ಶುರುವಾದ ಕಾಯಿ ಅಥವಾ ಎಲೆ ಆರಿಸಿ. ಪ್ಲಾಸ್ಟಿಕ್ ಚೀಲದಲ್ಲಿ ನೀರು ಸಮೇತ ಕಟ್ಟಬೇಡಿ, ಒರೆಸಿ ಹಳೆ ಪತ್ರಿಕೆಯಲ್ಲಿ ಸುತ್ತಿ. ಜೊತೆಗೊಂದು ಚೀಟಿ ಇರಲಿ: ಮೊದಲು ಕಂಡದ್ದು ಯಾವತ್ತು, ತೋಟದ ಯಾವ ಮೂಲೆಯಲ್ಲಿ, ಅಲ್ಲಿ ನೀರು ನಿಲ್ಲುತ್ತದೆಯೇ, ಕಳೆದ ತಿಂಗಳಲ್ಲಿ ಏನೇನು ಹೊಡೆದಿದ್ದೀರಿ. ಕೊನೆಯದನ್ನು ಮುಚ್ಚಿಡಬೇಡಿ, ಬಯ್ಯುವುದಿಲ್ಲ.